ಅಡಿಕೆಯ ಕೊಳೆರೋಗವೂ ಅದನ್ನು ಕುರಿತ ಸಂಶೋಧನೆಯೂ

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಅಡಿಕೆ ತೋಟವುಳ್ಳ ಯಜಮಾನರಿಗೆ ಕೊಳೆರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಮುಂಗಾರು ಮಳೆ ಬಲವಾಗಿ ಹಿಡಿದ ಕೆಲವು ವಾರಗಳಲ್ಲಿ ಎಳೆಗಾಯಿಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಡುಹಸುರು ಕಲೆಯೊಂದು ಕಾಣಿಸುವುದು. ಅದು ಕಾಯಿಯನ್ನೆಲ್ಲ ವ್ಯಾಪಿಸಿ, ಕಾಯಿ ಕೊಳೆತು ಉದುರುವುದು. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುವುದು. ದಕ್ಷಿಣ ಕನ್ನಡದವರು ಇದನ್ನೇ ಮಹಾಳಿ ಎನ್ನುತ್ತಾರೆ. ಉದುರಿದ ಕಾಯಿಗಳನ್ನು ನೋಡಿದ ಮೇಲೆ ಔಷಧವನ್ನು ತರಲು ಪೇಟೆಗೆ ಆಳನ್ನು ಅಟ್ಟುವುದು ಅನೇಕರ ವಾಡಿಕೆಯಾಗಿದೆ. ಈ ವಾಡಿಕೆಯಿಂದ ಹಣವೂ ಹೋಗಿ ಫಸಲೂ ಹೋಗುವುದೇಕೆ ಎಂಬುದನ್ನು, ಈ ರೋಗವನ್ನು ಕುರಿತು ನಡೆದ ಶೋಧನೆಯ ಆಧಾರದಿಂದ ಇಲ್ಲಿ ವಿವರಿಸಲಾಗಿದೆ.

ಶಾಸ್ತ್ರಜ್ಞರು ಬರುವುದಕ್ಕೆ ಮೊದಲು ನಮ್ಮ ತೋಟಗಾರರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಕೊನೆಗೂ ಅಡಿಕೆಯ ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಕಟ್ಟಿ ಮಳೆಯ ನೀರು ತಾಕದಂತೆ ಮಾಡುತ್ತಿದ್ದರು. ಈ ಕ್ರಮದ ಹಿಂದಿದ್ದ ವಿಚಾರವು ಸರಿಯಾದದ್ದೇ. ಆದರೆ ಮರಮರವನ್ನೂ ಹತ್ತಿ ಕೊನೆಕೊನೆಗೂ ಕೊಟ್ಟೆ ಕಟ್ಟುವ ಕೆಲಸಕ್ಕೆ ತಗಲುವ ಕೂಲಿಯೂ ಕಾಲವೂ ದೊಡ್ಡ ತೋಟಗಳಿಗೆ ಹೊಂದುವಂತಹದಲ್ಲ.

1908ನೆಯ ಇಸವಿಯಲ್ಲಿ ಮೈಸೂರು ಸರ್ಕಾರದವರು, ಕೆನಡಾ ದೇಶದಲ್ಲಿ ಹುಟ್ಟಿದ ಡಾಕ್ಟರ್ ಲೆಸ್ಲಿ ಕೋಲ್ಮನ್ ಎಂಬವರನ್ನು ಸಸ್ಯರೋಗಗಳನ್ನೂ ಕೀಟಗಳನ್ನೂ ಪರಿಶೀಲಿಸುವುದಕ್ಕಾಗಿ ನೇಮಿಸಿಕೊಂಡರು. ಇವರೇ ಮುಂದೆ ವ್ಯವಸಾಯದ ಇಲಾಖೆಯ ಡೈರೆಕ್ಟರಾದರು. ಇವರು ಕೈಗೊಂಡ ಮೊದಲ ಕೆಲಸಗಳಲ್ಲಿ ಕೊಳೆರೋಗದ ಶೋಧನೆಯೂ ಒಂದು. ಅದರ ವರದಿಯು 1910ರಲ್ಲಿ ಇಲಾಖೆಯಿಂದ ಪ್ರಕಟವಾಯಿತು. ಆ ಇಂಗ್ಲಿಷ್ ವರದಿಯ ಶಿರೋನಾಮೆಯಲ್ಲಿಯೂ ಕೊಳೆರೋಗವೆಂಬ ನಮ್ಮ ಹೆಸರನ್ನೇ ಇಟ್ಟಿರುವುದು ಗಮನಾರ್ಹವಾಗಿದೆ. (ಕಾಫಿಗೆ ಬರುವ ಕೊಳೆರೋಗವು ಬೇರೊಂದು ಜೀವಿಯಿಂದ ಆಗತಕ್ಕದ್ದು. ಹೆಸರು ಒಂದೇ ಎಂದು ಎರಡನ್ನೂ ಬೆರೆಸಬಾರದು.)

ಒಂದು ರೋಗಕ್ಕೆ ಇಂಥದೇ ಕಾರಣವೆಂದು ಹೇಳುವುದಕ್ಕೆ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವುಂಟು. ರೋಗ ತಗಲಿದ ಕಾಯಿಯಿಂದ ಸೂಕ್ಷ್ಮಜೀವಿಯನ್ನು ಪ್ರತ್ಯೇಕಿಸಿ, ಬೇರೆ ಯಾವುದೂ ಸೇರದಂತೆ ಬೆಳೆಸಬೇಕು. ಅದನ್ನು ಆರೋಗ್ಯವಾದ ಕಾಯಿಗೆ ಹಚ್ಚಿದಾಗ ಅದೇ ರೋಗವು ಹುಟ್ಟಬೇಕು. ಆ ಕಾಯಿಯಿಂದ ಪುನಃ ಅದೇ ಜೀವಿಯು ದೊರೆಯಬೇಕು. ಇಷ್ಟಾದ ಹೊರತು ಮಳೆಯ ದೋಷ, ಮಣ್ಣಿನ ದೋಷ, ದೃಷ್ಟಿದೋಷ ಎಂಬ ಮಾತುಗಳಿಗೆ ಉತ್ತರವಿರುವುದಿಲ್ಲ. ಕೊಳೆರೋಗಕ್ಕೆ ಕಾರಣವಾದ ಜೀವಿಯು ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ್ದು. 1845ರಿಂದ ಮುಂದೆ ಐರ್ಲೆಂಡ್ ದೇಶದ ಆಲೂಗೆಡ್ಡೆಯ ಬೆಳೆಯನ್ನು ನಾಶಮಾಡಿ ಘೋರವಾದ ಕ್ಷಾಮವನ್ನುಂಟುಮಾಡಿದುದು ಇದೇ ಕುಲದ ಇನ್ನೊಂದು ಜೀವಿ. ಹಿಂದೆ ಇವುಗಳನ್ನು ಬೂಷ್ಟಿನ ಜಾತಿಯೆಂದು ಎಣಿಸುತ್ತಿದ್ದರು. ಈಗಿನ ವಿದ್ವಾಂಸರು ಇವು ನೀರಿನ ಕೆಲವು ಬಗೆಯ ಪಾಚಿಗಳಿಗೆ ಹತ್ತಿರದ ನಂಟೆಂದು ನಿರ್ಣಯಿಸಿದ್ದಾರೆ.

ಈ ನಂಟಿನಲ್ಲಿಯೇ ರೋಗದ ಗುಟ್ಟು ಅಡಗಿದೆ. ಈ ಜೀವಿಯು ಕಾಯಿಯ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ಚೀಲಗಳನ್ನು ಹುಟ್ಟಿಸುವುದು. ನೀರು ಸೋಕಿದೊಡನೆ ಚೀಲವು ಒಡೆದು, ಅದರೊಳಗಿನಿಂದ ಬಾಲದಂಥ ಎಳೆಗಳುಳ್ಳ ಬೀಜಾಣುಗಳು ಹೊರಬಿದ್ದು ಈಜುವುವು. ಈಜಲು ಕಾಯಿಯ ಮೇಲಿನ ತೆಳುವಾದ ನೀರಿನ ಪದರವಿದ್ದರೆ ಸಾಕು. ಸ್ವಲ್ಪ ಹೊತ್ತಿನ ಮೇಲೆ ಅವು ಕಾಯಿಗೆ ಅಂಟಿ, ಮೊಳೆತು, ಒಳಕ್ಕೆ ನುಗ್ಗುವುವು. ಎಡೆಬಿಡದ ಮಳೆ, ತಂಪು ಹವೆ, ನಡುನಡುವೆ ಎಳೆಬಿಸಿಲು, ಇವು ಕೂಡಿದಾಗ ರೋಗವು ಕಾಡುಗಿಚ್ಚಿನಂತೆ ಹರಡುವುದೇಕೆಂಬುದು ಇದರಿಂದ ತಿಳಿಯುವುದು. ಕೊಟ್ಟೆ ಕಟ್ಟುತ್ತಿದ್ದ ಹಿರಿಯರು ಈ ಬೀಜಾಣುವನ್ನು ಕಾಣದಿದ್ದರೂ ಅದಕ್ಕೆ ಬೇಕಾದ ನೀರನ್ನು ತಪ್ಪಿಸುತ್ತಿದ್ದರು.

ಇದಕ್ಕೆ ಔಷಧವಾದ ಬೋರ್ಡೋ ದ್ರಾವಣದ ಕಥೆಯೂ ಸ್ವಾರಸ್ಯವಾಗಿದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. 1882ರಲ್ಲಿ ಅಲ್ಲಿಯ ಪ್ರೊಫೆಸರ್ ಮಿಲಾರ್ಡೆ ಎಂಬವರು, ಉಳಿದ ಬಳ್ಳಿಗಳೆಲ್ಲ ಬೂಷ್ಟುರೋಗದಿಂದ ಎಲೆ ಕಳೆದುಕೊಂಡಿದ್ದರೂ ರಸ್ತೆಯ ಪಕ್ಕದವು ಮಾತ್ರ ಹಸುರಾಗಿರುವುದನ್ನು ಕಂಡರು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ವಿಷಯವನ್ನು ಪ್ರಕಟಿಸಿದರು. ಆ ಬೂಷ್ಟೂ ನೀರಿನಲ್ಲಿ ಈಜುವ ಬೀಜಾಣುಗಳದೇ. ಕೋಲ್ಮನ್ನರು ಇದನ್ನು ಅಡಿಕೆಯ ಕೊನೆಗಳ ಮೇಲೆ ಪ್ರಯೋಗಿಸಿ, ಮಲೆನಾಡಿನ ಭಾರಿ ಮಳೆಗೂ ಅದು ತೊಳೆದುಹೋಗದಂತೆ ರಾಳವನ್ನೂ ಸೋಡವನ್ನೂ ಕಾಯಿಸಿದ ಅಂಟನ್ನು ಸೇರಿಸುವ ಕ್ರಮವನ್ನು ಬಳಕೆಗೆ ತಂದರು.

ಈ ದ್ರಾವಣದಲ್ಲಿರುವ ತಾಮ್ರವು ಕಾಯಿಯ ಹೊರಗಿನ ಬೀಜಾಣುವನ್ನು ಕೊಲ್ಲಬಲ್ಲುದು. ಒಳಹೊಕ್ಕ ಮೇಲೆ ಅದನ್ನು ಮುಟ್ಟಲಾರದು. ಆದುದರಿಂದ ಮಳೆ ಹಿಡಿಯುವುದಕ್ಕೆ ಮೊದಲೇ, ಎಂದರೆ ಮೇ ತಿಂಗಳ ಕೊನೆಯಲ್ಲೋ ಜೂನ್ ತಿಂಗಳ ಆದಿಯಲ್ಲೋ, ಒಣಗಿದ ಕೊನೆಯ ಮೇಲೆ ಒಂದು ಸಲ ಸಿಂಪಡಿಸಬೇಕು. 40ರಿಂದ 45 ದಿನಗಳ ಮೇಲೆ, ಮಳೆಯು ಬಿಡುವು ಕೊಟ್ಟಾಗ ಎರಡನೆಯ ಸಲ. ಮಳೆಗಾಲವು ಲಂಬಿಸಿದರೆ ಮೂರನೆಯ ಸಲ. ಕಾಯಿ ಉದುರಲಾರಂಭಿಸಿದ ಮೇಲೆ ಹೊಡೆದ ಔಷಧವು ಉಳಿದ ಕಾಯಿಗಳಿಗೆ ಮಾತ್ರ ರಕ್ಷೆ.

ನೂರು ಲೀಟರಿನ ಲೆಕ್ಕಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಬೇಕು. ಒಂದೊಂದನ್ನೂ 50 ಲೀಟರು ನೀರಿನಲ್ಲಿ ಬೇರೆಬೇರೆ ಕಲಸಿ, ಎರಡನ್ನೂ ಏಕಕಾಲದಲ್ಲಿ ಮೂರನೆಯ ಪಾತ್ರೆಗೆ ಸುರಿಯುತ್ತ ತಿರುವಬೇಕು. ಕಬ್ಬಿಣದ ಪಾತ್ರೆಯು ಕೂಡದು. ಸುಣ್ಣವು ಹೊಸದಾಗಿ ಸುಟ್ಟದ್ದಾಗಿರಬೇಕು. ಗಾಳಿಗೆ ಬಿದ್ದು ಪುಡಿಯಾದ ಹಳೆಯ ಸುಣ್ಣವು ಬಲಹೀನವಾದದ್ದು, ಅದರಿಂದ ತಯಾರಿಸಿದ ದ್ರಾವಣವು ಎಳೆಗಾಯಿಯನ್ನು ಸುಡುವುದು. ಪರೀಕ್ಷೆಗಾಗಿ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕಟ್ಟಿದರೆ ಸುಣ್ಣ ಸಾಲದೆಂದು ತಿಳಿದು, ಕೆಂಪು ಕಾಣದಾಗುವವರೆಗೂ ಸುಣ್ಣದ ನೀರನ್ನು ಸೇರಿಸಬೇಕು. ಕಲಸಿದ ದಿನವೇ ಉಪಯೋಗಿಸತಕ್ಕದ್ದು. ಮರುದಿನಕ್ಕೆ ಕಣಗಳು ದಪ್ಪನಾಗಿ ಕಾಯಿಗೆ ಅಂಟುವ ಗುಣವು ಕುಗ್ಗುವುದು. ಈಚಿನ ವರ್ಷಗಳಲ್ಲಿ ನೆಲದ ಮೇಲೆಯೇ ನಿಂತು ಉದ್ದನೆಯ ದೋಟಿಯಿಂದ ಸಿಂಪಡಿಸುವ ಅನುಕೂಲವು ಬಂದಿರುವುದರಿಂದ, ಮರ ಹತ್ತುವ ಕೊನೆಗಾರರು ಸಿಕ್ಕಲಿಲ್ಲವೆಂದು ಮೊದಲ ಸಿಂಪರಣೆಯನ್ನು ಮುಂದೂಡುವ ಕಾರಣವು ಬಹಳಮಟ್ಟಿಗೆ ತಪ್ಪಿದೆ.

ಗ್ರಾಮದ ಮುಖಂಡರ ಸಹಾಯವು ಬೇಕಾಗುವುದು ಮುಂದಿನ ಸಂಗತಿಯಲ್ಲಿ. ಗಾಳಿಯಿಂದ ಸಿಡಿಯುವ ಮಳೆಹನಿಯೊಡನೆ ಈ ಜೀವಿಯು ಮರದಿಂದ ಮರಕ್ಕೂ, ಬೇಲಿ ದಾಟಿ ನೆರೆಯ ತೋಟಕ್ಕೂ ಹೋಗುವುದು. ಹತ್ತು ಮಂದಿ ಹೊಡೆದು ಒಬ್ಬರು ಬಿಟ್ಟರೆ ಆ ಒಬ್ಬರ ತೋಟವೇ ಊರಿಗೆಲ್ಲ ರೋಗದ ಕಣಜವಾಗುವುದು. ಯಜಮಾನರು ಪಟ್ಟಣದಲ್ಲಿ ನೆಲಸಿ ಪಾಳುಬಿಟ್ಟ ತೋಟಗಳ ವಿಷಯದಲ್ಲಿ ಇದು ವಿಶೇಷವಾಗಿ ನಿಜ. ಒಂದು ಕಣಿವೆಯ ತೋಟಗಾರರೆಲ್ಲರೂ ಕೂಡಿ, ಮೈಲುತುತ್ತವನ್ನು ಒಟ್ಟಿಗೆ ತರಿಸಿ, ಆಳುಗಳನ್ನು ಸರದಿಯ ಮೇಲೆ ಹಂಚಿಕೊಂಡರೆ ಖರ್ಚೂ ಇಳಿಯುವುದು, ಒಂದೇ ವಾರದೊಳಗೆ ಕಣಿವೆಯೆಲ್ಲ ಮುಗಿಯುವುದು.

ಇದಕ್ಕೆ ಮೊದಲು ಬೇಸಿಗೆಯಲ್ಲಿಯೇ ಆಗಬೇಕಾದ ಒಂದು ಕೆಲಸವಿದೆ. ಹೋದ ವರ್ಷದ ರೋಗದಿಂದ ಒಣಗಿ ಮರದಲ್ಲಿಯೇ ನೇತಾಡುತ್ತಿರುವ ಕೊನೆಗಳಲ್ಲಿಯೂ, ಸುಳಿ ಕೊಳೆತು ಸತ್ತ ಮರಗಳ ತಲೆಯಲ್ಲಿಯೂ ರೋಗದ ಬೀಜವು ಉಳಿದುಕೊಂಡು ಮುಂದಿನ ಮಳೆಯನ್ನು ಕಾಯುತ್ತಿರುವುದು. ಅವುಗಳನ್ನು ಕಡಿದು ತೋಟದ ಹೊರಗೆ ಸುಟ್ಟುಹಾಕಬೇಕು. ಮಳೆಗಾಲದಲ್ಲಿ ಉದುರಿದ ರೋಗದ ಕಾಯಿಗಳನ್ನು ಆಗಾಗ ಆಯ್ದು ತೆಗೆಯಿಸಬೇಕೇ ಹೊರತು ಮರದ ಬುಡಕ್ಕೆ ಗೊಬ್ಬರವಾಗಲೆಂದು ಬಿಡಬಾರದು.