ಕೈಗೆ ಬಂದ ತುತ್ತು

ಭಾರತದ ತಂಡ ಹಾಕಿ ಆಡುವ ದಿನ ಅನೇಕ ಮನೆಗಳಲ್ಲಿ ಕಾಣುವ ನೋಟವಿದು. ಚೆಂಡು ಎದುರಾಳಿಯ ಗೋಲನ್ನು ಸಮೀಪಿಸುತ್ತದೆ. ಮನೆಯ ಯಜಮಾನರು ಕುರ್ಚಿಯ ಅಂಚಿಗೆ ಸರಿಯುತ್ತಾರೆ. ಕಾಫಿ ಲೋಟ ಕೈಯಲ್ಲಿಯೇ ನಿಲ್ಲುತ್ತದೆ. ಮರುಕ್ಷಣ ಚೆಂಡು ಕಂಬದ ಹೊರಗೆ ಉರುಳಿರುತ್ತದೆ. “ಬರಿಯ ಗೋಲಿನ ಮುಂದೆ ನಿಂತು ಹೊಡೆಯಲಾಗದೆ?” ಎಂಬ ಉದ್ಗಾರ ನೆರೆಮನೆಗೂ ಕೇಳಿಸುತ್ತದೆ.

ಈ ಕೋಪ ನಿರಾಧಾರವಾದುದಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಭಾರತ ಐದು ಪಂದ್ಯಗಳಲ್ಲಿ 29 ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಅವುಗಳಲ್ಲಿ 14 ಧ್ಯಾನ್‌ಚಂದರವು. ಅಲ್ಲಿಂದ 1956ರವರೆಗೆ ಸತತವಾಗಿ ಆರು ಚಿನ್ನ. ಇಂತಹ ಪರಂಪರೆಯುಳ್ಳ ತಂಡ 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನದ ಒಂದೇ ಗೋಲಿಗೆ ಉತ್ತರ ಕೊಡಲಾರದೆ ಹೋಯಿತು. 1972ರ ಮ್ಯೂನಿಕ್ ಸೆಮಿಫೈನಲ್‌ನಲ್ಲಿ ಹಲವಾರು ಪೆನಾಲ್ಟಿ ಕಾರ್ನರ್‌ಗಳು ದೊರೆತರೂ ಒಂದೂ ಫಲಿಸಲಿಲ್ಲ. ಅದೇ ಪಾಕಿಸ್ತಾನಕ್ಕೆ 2-0ರ ಜಯ ದೊರೆಯಿತು.

ಎಲ್ಲಕ್ಕಿಂತ ನೋವಿನದು 1973ರ ವಿಶ್ವಕಪ್ ಫೈನಲ್. ಕೊಡಗಿನ ಎಂ. ಪಿ. ಗಣೇಶ್ ಅಂದು ಭಾರತದ ನಾಯಕರು. ಸುರ್ಜಿತ್ ಸಿಂಗರ ಎರಡು ಗೋಲುಗಳಿಂದ ಮುಂದಿದ್ದ ತಂಡವನ್ನು ಹಾಲೆಂಡ್ 2-2ಕ್ಕೆ ಎಳೆದು ನಿಲ್ಲಿಸಿತು. ಹೆಚ್ಚುವರಿ ಸಮಯದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಲಭಿಸಿತು. ಹೊಡೆಯುವವನ ಎದುರಿಗೆ ಗೋಲ್‌ಕೀಪರನೊಬ್ಬನೇ. ಅದೂ ಗೋಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? ಕಪ್ಪು ಹಾಲೆಂಡಿನ ಪಾಲಾಯಿತು.

ಹಾಗಾದರೆ ತಪ್ಪು ಗುರಿಯಿಟ್ಟವನದೇ? ಅಳತೆಗಳನ್ನು ನೋಡಿದರೆ ಬೇರೊಂದು ವಿಷಯ ತಿಳಿಯುತ್ತದೆ. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ‘ಡಿ’ ಎಂದು ಕರೆಯುವ, 14.63 ಮೀಟರ್ ದೂರದ ಗೆರೆಯೊಳಗಿನಿಂದ ಹೊಡೆದರೆ ಮಾತ್ರ ಗೋಲು. ನೇರ ಎದುರಿನಲ್ಲಿ ನಿಂತವನಿಗೆ ಗೋಲಿನ ಪೂರ್ಣ ಅಗಲ ಕಾಣುತ್ತದೆ. ಚೆಂಡಿನೊಡನೆ ಪಕ್ಕಕ್ಕೆ, ಹಿಂಗೆರೆಯತ್ತ ಸರಿದಂತೆಲ್ಲ ಆ ಬಾಗಿಲು ಕಿರಿದಾಗುತ್ತ ಕಂಡಿಯಾಗುತ್ತದೆ. ಗೋಲ್‌ಕೀಪರ್ ಎರಡು ಹೆಜ್ಜೆ ಮುಂದೆ ಬಂದನೆಂದರೆ ಆ ಕಂಡಿಯೂ ಮುಚ್ಚಿತು. ನಾಲ್ವರನ್ನು ವಂಚಿಸಿ ಬಂದ ಆಟಗಾರನ ಕೈಚಳಕಕ್ಕೆ ಚಪ್ಪಾಳೆ ಬೀಳುತ್ತಿರುವಾಗಲೇ ಗೋಲು ತಪ್ಪಿಹೋಗಿರುತ್ತದೆ. ನಡುವೆ ನಿಂತ ಜೊತೆಗಾರನಿಗೆ ಒಂದು ಕ್ಷಣ ಮೊದಲೇ ಚೆಂಡು ಕೊಟ್ಟಿದ್ದರೆ ಬಾಗಿಲು ಮತ್ತೆ ತೆರೆಯುತ್ತಿತ್ತು. ತನಗಿಂತ ಒಳ್ಳೆಯ ಸ್ಥಾನದಲ್ಲಿರುವವನಿಗೆ ಚೆಂಡು ಕೊಡುವುದರಲ್ಲಿ ಧ್ಯಾನ್‌ಚಂದರು ಹೆಸರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹುಲ್ಲಿನ ಬದಲು ಕೃತಕ ಹಾಸು ಬಂದಿತು. ಆ ವರ್ಷ ಭಾರತಕ್ಕೆ ಏಳನೆಯ ಸ್ಥಾನ. ಆ ಹಾಸಿನ ಮೇಲೆ ಚೆಂಡು ವೇಗವಾಗಿ ಓಡುತ್ತದೆ. ಯೋಚಿಸಲು ದೊರೆಯುವ ಕಾಲ ಇನ್ನೂ ಕಡಿಮೆ.

2024ರ ಪ್ಯಾರಿಸ್‌ನಲ್ಲಿ ಭಾರತ ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಪಡೆದಾಗ ಅಭಿಮಾನಿಯ ಕಣ್ಣು ತೇವವಾದುದು ಸಹಜ. ಆದರೆ ಲೆಕ್ಕವನ್ನು ಮರೆಯುವಂತಿಲ್ಲ. ಎಂಟು ಪಂದ್ಯಗಳಲ್ಲಿ ತಂಡ ಹೊಡೆದುದು 15 ಗೋಲು. ಹತ್ತು ನಾಯಕ ಹರ್ಮನ್‌ಪ್ರೀತ್ ಸಿಂಗರವು. ಆ ಹತ್ತೂ ಪೆನಾಲ್ಟಿ ಕಾರ್ನರ್ ಮತ್ತು ಸ್ಟ್ರೋಕ್‌ಗಳಿಂದ ಬಂದವು. ಉಳಿದವರೆಲ್ಲ ಸೇರಿ ಐದು! ಜರ್ಮನಿಯೆದುರಿನ ಸೆಮಿಫೈನಲ್‌ನಲ್ಲಿ ಹಲವು ಕಾರ್ನರ್‌ಗಳಿಂದ ಬಂದವು ಎರಡೇ ಗೋಲು. ಪಂದ್ಯ 2-3ರಿಂದ ಕೈತಪ್ಪಿತು. ಒಬ್ಬನ ದುಡಿಮೆಯಿಂದ ನಡೆಯುವ ಸಂಸಾರದಂತೆ, ಆತನ ಕೈ ಸೋತ ದಿನ ಮನೆಯೆಲ್ಲ ಉಪವಾಸ.

ಆದುದರಿಂದ ಮುಂದಿನ ಪಂದ್ಯದಲ್ಲಿ ಅಭಿಮಾನಿ ಕೊನೆಯ ಹೊಡೆತವನ್ನಷ್ಟೇ ಅಲ್ಲದೆ ಅದಕ್ಕೆ ಹಿಂದಿನ ಎರಡು ಹೆಜ್ಜೆಗಳನ್ನೂ ನೋಡಬೇಕು. ಚೆಂಡನ್ನು ಯಾರು ಹೆಚ್ಚು ಹೊತ್ತು ಇಟ್ಟುಕೊಂಡರು? ನಡುವೆ ಯಾರು ಕೈಯೆತ್ತಿ ಕಾಯುತ್ತಿದ್ದರು? ಆಗ ಆತನ ಕೋಪ ಕಡಿಮೆಯಾಗದಿರಬಹುದು; ಆದರೆ ತಪ್ಪು ನಡೆದ ಜಾಗಕ್ಕೇ ತಲುಪುತ್ತದೆ.