ದೋಣಿಗೆ ತೂಕ ತುಂಬಿಸುವ ವಿದ್ಯೆ

ಹಗುರವಾದ ದೋಣಿಯೇ ಒಳ್ಳೆಯ ದೋಣಿ ಅನ್ನುವುದು ನಮ್ಮ ನರಸಿಂಹರಾಜಪುರದ ಕಡೆಯ ನಂಬಿಕೆ. ಎರಡು ಟನ್ನಿನ ಮೋಟಾರು ದೋಣಿಗೆ ಬೇಕೆಂದೇ ಇನ್ನೊಂದು ಟನ್ ನೀರು ತುಂಬಿಸಿ, ಅದೂ ಸಾಲದೆಂದು ಸೀಸದ ಚೀಲ ಹೇರಿಕೊಂಡು ಹೊರಡುವ ಜನರಿದ್ದಾರೆ ಎಂದು ಅಡಿಕೆ ಸುಲಿಯುವ ಚಪ್ಪರದಲ್ಲಿ ಹೇಳಿದರೆ, "ದುಬೈ ಬಿಸಿಲು ಇವ್ರ ತಲೆಗೆ ಹತ್ತಿದೆ" ಎಂದು ನಗುತ್ತಾರೆ. ತೋಟ ನೋಡಿಕೊಳ್ಳಲು ಊರಿಗೆ ಮರಳುವ ಮೊದಲು ನಾನು ದುಬೈನ ಒಂದು ದೋಣಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಹೀಗೆ ತೂಕ ಹೇರುವುದೇ ಅಲ್ಲಿ ನನ್ನ ಕೆಲಸದ ಒಂದು ಭಾಗವಾಗಿತ್ತು. ಅದನ್ನು ಕಲಿತ ಮೇಲೆ ಭದ್ರಾ ಹಿನ್ನೀರಿನ ದೋಣಿಗಳನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು.

ಆ ದೋಣಿಗಳು ವೇಕ್‌ಬೋರ್ಡಿಂಗ್ ಎಂಬ ಆಟಕ್ಕೆಂದೇ ಮಾಡಿದವು. ಆಟಗಾರ ಎರಡೂ ಪಾದಗಳನ್ನು ಒಂದು ಹಲಗೆಗೆ ಬಿಗಿದುಕೊಂಡು, ದೋಣಿಗೆ ಕಟ್ಟಿದ ಇಪ್ಪತ್ತು ಮೀಟರಿನಷ್ಟು ಉದ್ದದ ಹಗ್ಗ ಹಿಡಿದು ನೀರಿನ ಮೇಲೆ ಜಾರುತ್ತಾನೆ. ದೋಣಿಯ ವೇಗ ಗಂಟೆಗೆ 32ರಿಂದ 37 ಕಿಲೋಮೀಟರ್. ಅದು ಸಾಗಿದ ದಾರಿಯ ಎರಡೂ ಮಗ್ಗುಲಿಗೆ ಅಲೆಗಳು ಏಳುತ್ತವಲ್ಲ, ಅದರಲ್ಲಿ ಒಂದನ್ನು ಹತ್ತಿ, ಗಾಳಿಯಲ್ಲಿ ಪಲ್ಟಿ ಹೊಡೆದು, ಇನ್ನೊಂದರ ಇಳಿಜಾರಿಗೆ ಇಳಿಯಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಟೋನಿ ಫಿನ್ ಎಂಬಾತ 1985ರಲ್ಲಿ ‘ಸ್ಕರ್ಫರ್’ ಎಂಬ ಹಲಗೆ ತಂದಾಗ ಈ ಆಟಕ್ಕೊಂದು ರೂಪ ಬಂತು. ಅಲೆ ದೊಡ್ಡದಾದಷ್ಟೂ ಜಿಗಿತ ಎತ್ತರ. ಅಲೆ ದೊಡ್ಡದಾಗಬೇಕಾದರೆ ದೋಣಿ ಭಾರವಾಗಬೇಕು. ಆಟದವರು ಮೊದಮೊದಲು ಗೆಳೆಯರನ್ನೆಲ್ಲ ಹತ್ತಿಸಿಕೊಂಡು ಓಡಿಸುತ್ತಿದ್ದರು. ಆಮೇಲೆ ಮಾತಾಡದ, ತಿಂಡಿ ಕೇಳದ ತೂಕ ಹುಡುಕಿಕೊಂಡರು. ಅದೇ ಬ್ಯಾಲಸ್ಟ್.

ನೀರಿನಲ್ಲಿ ನೀರಿನ ಭಾರ

ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಎರಡು ಟನ್ನಿನ ದೋಣಿ ಎರಡು ಟನ್ ನೀರು ಸರಿಸಿ ಕೂರುತ್ತದೆ. ಇನ್ನೊಂದು ಟನ್ ಹೇರಿದರೆ ಇನ್ನೊಂದು ಸಾವಿರ ಲೀಟರ್ ಸರಿಯಬೇಕು. ದೋಣಿ ಮುಂದೆ ಹೋದಂತೆ ಹಿಂದೆ ಗುಂಡಿ ಬೀಳುತ್ತದೆ. ಅದನ್ನು ತುಂಬಲು ಎರಡೂ ಕಡೆಯಿಂದ ನುಗ್ಗುವ ನೀರು ಅಲೆಯಾಗಿ ಏಳುತ್ತದೆ. ಹಗುರ ದೋಣಿ ವೇಗ ಹೆಚ್ಚಿದಂತೆ ಮೇಲೆದ್ದು ನೀರಿನ ಮೈಮೇಲೆ ಜಾರತೊಡಗುತ್ತದೆ, ಅಲೆ ಸಣ್ಣದಾಗುತ್ತದೆ. ತೂಕ ಅದನ್ನು ಹಾಗೆ ಏಳಲು ಬಿಡದೆ ನೀರಿನೊಳಗೇ ಹಿಡಿದಿಡುತ್ತದೆ.

ತೂಕಕ್ಕೆ ಅತ್ಯಂತ ಅಗ್ಗದ ವಸ್ತು ಸುತ್ತಲಿರುವ ನೀರೇ. ದಪ್ಪ ಪ್ಲಾಸ್ಟಿಕ್ ಬಟ್ಟೆಯ ಚೀಲಗಳನ್ನು ಸೀಟಿನ ಕೆಳಗೆ, ಎಂಜಿನ್ನಿನ ಎರಡು ಬದಿಯ ಪೆಟ್ಟಿಗೆಗಳಲ್ಲಿ ಮಲಗಿಸಿ, ಹನ್ನೆರಡು ವೋಲ್ಟಿನ ಪಂಪಿನಿಂದ ನೀರು ತುಂಬಿಸುತ್ತೇವೆ. ಸಾಮಾನ್ಯ ಅಳತೆಯ ಒಂದು ಚೀಲ 340 ಲೀಟರ್ ಹಿಡಿಯುತ್ತದೆ. ಅಂದರೆ 340 ಕಿಲೋ, ಹೆಚ್ಚುಕಡಿಮೆ ಐದು ಆಳಿನ ತೂಕ. ಗಂಟೆಗೆ ಮೂರು ಸಾವಿರ ಲೀಟರ್ ಎತ್ತುವ ಪಂಪಿಗೆ ಇದು ಏಳೆಂಟು ನಿಮಿಷದ ಕೆಲಸ. ಆಟ ಮುಗಿದ ಮೇಲೆ ಪಂಪನ್ನು ಹಿಂದಕ್ಕೆ ತಿರುಗಿಸಿದರೆ ಭಾರ ಬಂದಲ್ಲಿಗೇ ಹೋಗುತ್ತದೆ.

ಜಾಗ ಸಾಲದವರು ಸೀಸ ಕೇಳುತ್ತಾರೆ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ. ನೂರು ಕಿಲೋ ಸೀಸ ಒಂಬತ್ತು ಲೀಟರಿನಷ್ಟು ಜಾಗದಲ್ಲಿ ಕೂರುತ್ತದೆ. ಆದರೆ ದೋಣಿಯೊಳಗೆ ನೀರು ನುಗ್ಗಿದಾಗ ಎರಡರ ಗುಣವೂ ಬಯಲಾಗುತ್ತದೆ. ಮುಳುಗಿದ ನೀರಿನ ಚೀಲ ನೀರಿನಲ್ಲಿ ಏನೂ ತೂಗುವುದಿಲ್ಲ, ದೋಣಿಯನ್ನು ಕೆಳಕ್ಕೆ ಜಗ್ಗುವುದಿಲ್ಲ. ಸೀಸ ತಳ ಮುಟ್ಟುವವರೆಗೂ ಜಗ್ಗುತ್ತದೆ. ಸೀಸ ಹಾಕಿಸಲು ಬಂದವರಿಗೆ ನಾನು ಮೊದಲು ಹೇಳುತ್ತಿದ್ದುದು ಇದನ್ನೇ.

ಎಷ್ಟು ಅಲ್ಲ, ಎಲ್ಲಿ

ಬಂದ ಗಿರಾಕಿಗಳೆಲ್ಲ "ಇನ್ನೆಷ್ಟು ಹಾಕಬಹುದು?" ಎಂದೇ ಕೇಳುತ್ತಿದ್ದರು. ಎಲ್ಲಿ ಹಾಕುತ್ತೀರಿ ಎಂದು ಕೇಳಿದವರು ಕಡಿಮೆ. ತೂಕ ಹಿಂದೆ ಹೆಚ್ಚಾದರೆ ಅಲೆ ಕಡಿದಾಗಿ ಏಳುತ್ತದೆ, ಆಟಗಾರನನ್ನು ಒಮ್ಮೆಲೇ ಮೇಲಕ್ಕೆಸೆಯುತ್ತದೆ. ಮುಂದಕ್ಕೆ ಸ್ವಲ್ಪ ಸರಿಸಿದರೆ ಇಳಿಜಾರು ಉದ್ದವಾಗಿ, ಹೊಸಬರಿಗೂ ಹತ್ತುವಂತಾಗುತ್ತದೆ. ಹಗ್ಗ ಬಿಟ್ಟು ಅಲೆಯ ಮೇಲೇ ಸವಾರಿ ಮಾಡುವ ವೇಕ್‌ಸರ್ಫಿಂಗ್‌ಗೆ ಬೇಕೆಂದೇ ಒಂದೇ ಪಕ್ಕಕ್ಕೆ ಭಾರ ಹಾಕಿ ದೋಣಿಯನ್ನು ವಾಲಿಸುತ್ತಾರೆ. ಅದು ನಿಧಾನಕ್ಕೆ, ಗಂಟೆಗೆ 16ರಿಂದ 19 ಕಿಲೋಮೀಟರಿನಲ್ಲಿ ಸಾಗುವ ಆಟವಾದ್ದರಿಂದ ಹೇಗೋ ನಡೆಯುತ್ತದೆ.

ಮೂತಿಯ ಕಡೆ ಭಾರ ಹೆಚ್ಚಾದ ದೋಣಿಗೆ ಇನ್ನೊಂದು ಗಂಡಾಂತರವಿದೆ. ಬಿದ್ದ ಆಟಗಾರನನ್ನು ಎತ್ತಿಕೊಳ್ಳಲು ಚಾಲಕ ತಟ್ಟನೆ ವೇಗ ಇಳಿಸಿ ತಿರುಗುತ್ತಾನೆ. ಅಷ್ಟರಲ್ಲಿ ತಾನೇ ಎಬ್ಬಿಸಿದ ಅಲೆ ಎದುರಿಗೆ ಬರುತ್ತದೆ. ತಗ್ಗಿದ ಮೂತಿ ಅದರೊಳಗೆ ಹೊಕ್ಕರೆ ಒಂದೇ ಗುಟುಕಿಗೆ ನೂರಾರು ಲೀಟರ್ ಒಳಕ್ಕೆ ಬರುತ್ತದೆ. ಎಂಜಿನ್ನಿಗೂ ಸುಖವಿಲ್ಲ. ಭಾರಕ್ಕೆ ತಕ್ಕ ಪ್ರೊಪೆಲರ್ ಬದಲಾಯಿಸದಿದ್ದರೆ ಅದು ಮುಟ್ಟಬೇಕಾದ ಸುತ್ತು ಮುಟ್ಟದೆ ಏದುಸಿರು ಬಿಡುತ್ತದೆ, ಪೆಟ್ರೋಲು ಕುಡಿಯುತ್ತದೆ. ತಯಾರಕರು ಬರೆದ ತೂಕದ ಮಿತಿಯಲ್ಲಿ ಜನ, ಸಾಮಾನು, ಬ್ಯಾಲಸ್ಟ್ ಎಲ್ಲ ಒಂದೇ ಲೆಕ್ಕ. 340 ಲೀಟರಿನ ಚೀಲ ತುಂಬಿಸಿದರೆ ಐದು ಜನ ದಡದಲ್ಲೇ ಇಳಿಯಬೇಕು. ಬಹಳ ಜನ ಚೀಲವನ್ನೂ ತುಂಬಿಸುತ್ತಿದ್ದರು, ಐವರನ್ನೂ ಕೂರಿಸಿಕೊಳ್ಳುತ್ತಿದ್ದರು.

ನಮ್ಮ ಕಡೆಯ ಲೆಕ್ಕಕ್ಕೆ ಇನ್ನೊಂದು ಮಾತು ಸೇರಿಸಬೇಕು. ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಅಲ್ಲಿ ತೇಲಿದ ಅದೇ ದೋಣಿ ಅದೇ ಹೊರೆಯೊಂದಿಗೆ ಭದ್ರೆಯಲ್ಲಿ ತುಸು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಇಷ್ಟಾದರೂ ನನ್ನನ್ನು ಹೆಚ್ಚು ಹೆದರಿಸುತ್ತಿದ್ದುದು ಪೂರ್ತಿ ತುಂಬಿದ ಚೀಲವಲ್ಲ, ಅರ್ಧ ತುಂಬಿದ್ದು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವಲ್ಲ, ಹಡಗು ಕಟ್ಟುವವರಿಗೆ ಅದು ಗಣಿತ. ಅರ್ಧ ತುಂಬಿದ ತೊಟ್ಟಿಯ ದೋಣಿ ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೇ ಓಡಿ ವಾಲುವುದನ್ನು ಹೆಚ್ಚಿಸುತ್ತದೆ. ತೂಕ ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಬದಲು ಮಗುಚಲು ನೆರವಾಗುತ್ತದೆ. ತುಂಬಿಸಿದರೆ ಕಂಠಮಟ್ಟ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಎನ್ನುವುದು ಅದಕ್ಕೇ.

ತೂಕ ಕೆಳಗಿರಬೇಕು, ಅಲುಗಬಾರದು ಎಂಬುದನ್ನು ಮರೆತರೆ ರಾಜರ ಹಡಗೂ ಉಳಿಯುವುದಿಲ್ಲ. ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಮೊದಲ ಸಲ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ ಮುಳುಗಿತು. ಅದರ ತಳದಲ್ಲಿ ನೂರಕ್ಕೂ ಹೆಚ್ಚು ಟನ್ ಕಲ್ಲಿನ ಬ್ಯಾಲಸ್ಟ್ ಇತ್ತು, ಮೇಲೆ ಎರಡು ಅಂತಸ್ತು ಫಿರಂಗಿಗಳಿದ್ದವು. ಇನ್ನಷ್ಟು ಕಲ್ಲು ಹಾಕಿದ್ದರೆ ಕೆಳಗಿನ ಫಿರಂಗಿಗಳ ಕಿಂಡಿಗಳೇ ನೀರಿಗೆ ತಾಗುತ್ತಿದ್ದವು. ಮೇಲೆ ಮಾಡಿದ ತಪ್ಪನ್ನು ಕೆಳಗೆ ಕಲ್ಲು ಸುರಿದು ಸರಿಮಾಡಲು ಬರುವುದಿಲ್ಲ.

ಅಂಬಿಗರ ಲೆಕ್ಕ

ಇದಕ್ಕೆಲ್ಲ ದುಬೈಗೆ ಹೋಗಬೇಕಿತ್ತೇ ಎಂದು ಈಗ ಅನ್ನಿಸುವುದುಂಟು. ನಾನು ಹುಡುಗನಾಗಿದ್ದಾಗ ಹಿನ್ನೀರು ದಾಟಿಸುತ್ತಿದ್ದ ಅಂಬಿಗರು ಯಾರಿಗೂ ತಮಗೆ ಬೇಕಾದಲ್ಲಿ ಕೂರಲು ಬಿಡುತ್ತಿರಲಿಲ್ಲ. "ಗೌಡ್ರೇ, ನೀವು ನಡುಮಧ್ಯ ಕೂತ್ಕಳಿ. ಅಮ್ಮಾ, ಆ ಗೋಣಿ ಮುಂದೆ ಬ್ಯಾಡ, ಕಾಲಡಿಗೆ ಇಟ್ಕಳಿ. ಏ ಮಾಣಿ, ನಿಂತ್ರೆ ಇಲ್ಲೇ ಇಳಿಸ್ತೀನಿ." ಜನರೇ ಅವರ ಬ್ಯಾಲಸ್ಟ್. ಗಾಳಿಯ ದಿನ ಒಬ್ಬರೇ ವಾಪಸು ಹೊರಟರೆ ದೋಣಿಯ ತಳಕ್ಕೆ ನಾಲ್ಕು ಕಲ್ಲು ಹಾಕಿಕೊಳ್ಳುತ್ತಿದ್ದರು, ದಡ ಸೇರಿದ ಮೇಲೆ ಎತ್ತಿ ಹಾಕುತ್ತಿದ್ದರು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ಮೇಲೆ ತೇಲುವ ತೆಪ್ಪಕ್ಕೆ ಭದ್ರತೆ ಬರುವುದು ಅಗಲದಿಂದ. ಕಡವಿನ ದೋಣಿಗೆ ಅಷ್ಟು ಅಗಲವಿರಲಿಲ್ಲ, ಅದಕ್ಕೆ ಅಂಬಿಗರ ಗದರಿಕೆಯೇ ಆಧಾರ. ಕೊಪ್ಪ, ಶೃಂಗೇರಿ ಕಡೆ ಸೇತುವೆ, ತೂಗುಸೇತುವೆಗಳು ಬಂದ ಹಾಗೆ ಕಡವುಗಳು ಮುಚ್ಚಿದವು. ಕೂತಲ್ಲೇ ಕೂರಬೇಕೆಂಬ ಶಿಸ್ತೂ ಅವುಗಳೊಂದಿಗೆ ಹೋಯಿತು.

ದೋಣಿಗಳು ಮಾತ್ರ ಪ್ರವಾಸಿಗರಿಗಾಗಿ ಮರಳಿ ಬಂದಿವೆ. ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸಫಾರಿ ದೋಣಿಗಳು ಓಡುತ್ತವೆ. ಬೇಸಗೆಯಲ್ಲಿ ಕಾಡಾನೆಗಳು ದಡಕ್ಕೆ ಬರುತ್ತವೆ. ಒಂದು ಆನೆ ಕಂಡರೆ ಸಾಕು, ಮೊಬೈಲ್ ಹಿಡಿದ ಅಷ್ಟೂ ಜನ ಆ ಪಕ್ಕಕ್ಕೆ ಏಳುತ್ತಾರೆ. ಇಪ್ಪತ್ತು ಜನ ಎಂದರೆ ಸಾವಿರದ ಇನ್ನೂರು ಕಿಲೋ. ನನ್ನ ವರ್ಕ್‌ಶಾಪಿನ ಲೆಕ್ಕದಲ್ಲಿ ಮೂರು ದೊಡ್ಡ ಚೀಲಗಳಿಗೂ ಮಿಗಿಲು, ಅದೂ ಒಂದೇ ಕ್ಷಣದಲ್ಲಿ ಜಾಗ ಬದಲಿಸುವ ತೂಕ. ಕುಳಿತಿದ್ದವರು ಎದ್ದು ನಿಂತರೆ ಭಾರ ಮೇಲಕ್ಕೂ ಹೋಗುತ್ತದೆ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ‘ಜಲಕನ್ಯಕಾ’ ಎಂಬ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಪಕ್ಕಕ್ಕೆ ಸರಿದದ್ದು ಅದಕ್ಕೆ ಹೇಳಲಾದ ಕಾರಣಗಳಲ್ಲಿ ಒಂದು. ನಮ್ಮದೇ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅದರಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು.

ಭದ್ರೆಗೆ ಬರಲೇಬೇಕೇ?

ಅಮೆರಿಕದಲ್ಲಿರುವ ಅಕ್ಕನ ಮಗ ಫೋನು ಮಾಡಿದಾಗಲೆಲ್ಲ ಕೇಳುತ್ತಾನೆ: "ಮಾವ, ಅಷ್ಟು ದೊಡ್ಡ ಹಿನ್ನೀರು ಇಟ್ಕೊಂಡು ನೀವೊಂದು ವೇಕ್ ಬೋಟ್ ಯಾಕೆ ತರಿಸಬಾರದು?" ಬೇಡ ಕಣೋ ಅನ್ನುತ್ತೇನೆ. ಹಿನ್ನೀರಿನೊಳಗೆ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ನೀರಿಳಿದಂತೆ ಅವು ಮೇಲ್ಮೈಗೆ ಹತ್ತಿರವಾಗುತ್ತವೆ, ಮೂರು ಟನ್ನಿನ ದೋಣಿಗೆ ವೇಗದಲ್ಲಿ ತಗುಲಿದರೆ ತಳ ಉಳಿಯುವುದಿಲ್ಲ. ಬೇಸಗೆಯಲ್ಲಿ ಮೇಲೇಳುವ ಬೋಳು ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ. ಆಟಗಾರ ಖುಷಿಯಿಂದ ಹತ್ತುವ ಅಲೆ ಅಲ್ಲಿ ಗೂಡು ತೊಳೆದುಕೊಂಡು ಹೋಗುತ್ತದೆ. ಪಕ್ಕದಲ್ಲೇ ಹುಲಿ ಸಂರಕ್ಷಿತ ಕಾಡು.

ಚೀಲದೊಳಗಿನ ನೀರೂ ಬರೀ ನೀರಲ್ಲ. ಒಂದು ಕೆರೆಯಲ್ಲಿ ತುಂಬಿಸಿ ಇನ್ನೊಂದರಲ್ಲಿ ಚೆಲ್ಲಿದರೆ ಅದರಲ್ಲಿದ್ದ ಮರಿ ಜೀವಿಗಳೂ ಊರು ಬದಲಿಸುತ್ತವೆ. ದೊಡ್ಡ ಹಡಗುಗಳ ಬ್ಯಾಲಸ್ಟ್ ನೀರಿನೊಂದಿಗೆ ಅಮೆರಿಕದ ಮಹಾಸರೋವರಗಳಿಗೆ 1980ರ ದಶಕದಲ್ಲಿ ಹೊಕ್ಕ ಜೀಬ್ರಾ ಮಸೆಲ್ ಎಂಬ ಸಣ್ಣ ಚಿಪ್ಪುಜೀವಿ ನೀರಿನ ಕೊಳವೆಗಳಲ್ಲೇ ತುಂಬಿಕೊಂಡಿತು. ಹಡಗುಗಳ ಬ್ಯಾಲಸ್ಟ್ ನೀರನ್ನು ಶುದ್ಧಿ ಮಾಡಿಯೇ ಬಿಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಶೃಂಗೇರಿಯ ಘಾಟಿನಲ್ಲಿ ದೇವರ ಮೀನುಗಳನ್ನು ಇಷ್ಟು ಜತನದಿಂದ ಸಾಕಿಕೊಂಡ ನಾಡಿಗೆ ಹೊರಗಿನ ನೀರು ಎಲ್ಲಿಂದ ಬಂತೆಂದು ಕೇಳುವ ಹಕ್ಕಿದೆ.

ಆಟ ಬೇಕಾದವರು ಅದಕ್ಕೆ ತಕ್ಕ ನೀರು ಹುಡುಕಿಕೊಳ್ಳಲಿ. ಅದರ ಹಿಂದಿನ ವಿದ್ಯೆ ಮಾತ್ರ ಹಿನ್ನೀರಿಗೆ ಬರುವ ಎಲ್ಲರಿಗೂ ಬೇಕು. ದೋಣಿ ಹತ್ತುವ ಮೊದಲು ಎಷ್ಟು ಜನರಿಗೆ ಅನುಮತಿ ಎಂದು ಬರೆದಿದೆಯೇ ನೋಡಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಚಾಲಕ ಎಲ್ಲಿ ಕೂರಿ ಅನ್ನುತ್ತಾನೋ ಅಲ್ಲಿ ಕೂರಿ. ಎಲ್ಲಾದರೂ ಕೂರಿ ಅಂದರೆ ಆ ದೋಣಿ ಬಿಟ್ಟು ಮುಂದಿನದಕ್ಕೆ ಕಾಯಿರಿ. ದಡದಲ್ಲಿ ಆನೆ ಕಂಡಾಗ ಏಳಬೇಡಿ. ಕೂತಲ್ಲಿಂದಲೇ ಕತ್ತು ತಿರುಗಿಸಿದರೂ ಆನೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ.