ರೊಮಾನೆ-ಕೋಂತಿ ತೋಟದ ಕೆಂಪು ದ್ರಾಕ್ಷಾಸವ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ ವೋನ್-ರೊಮಾನೆ ಎಂಬ ಸಣ್ಣ ಗ್ರಾಮವಿರುವುದು. ಅದರ ಪಶ್ಚಿಮಕ್ಕೆ, ಪೂರ್ವಾಭಿಮುಖವಾಗಿ ಇಳಿಜಾರಾದ ಗುಡ್ಡದ ಮಗ್ಗುಲಲ್ಲಿ, ಸುಮಾರು 4½ ಎಕರೆ ವಿಸ್ತೀರ್ಣವುಳ್ಳ ರೊಮಾನೆ-ಕೋಂತಿ ಎಂಬ ದ್ರಾಕ್ಷಿಯ ತೋಟವಿದೆ. 1760ರಲ್ಲಿ ಕೋಂತಿಯ ರಾಜಕುಮಾರನು ಈ ಭೂಮಿಯನ್ನು ಕ್ರಯಕ್ಕೆ ಪಡೆದುದರಿಂದ ತೋಟಕ್ಕೆ ಅವನ ಹೆಸರು ಸೇರಿತು. ಇಲ್ಲಿಯ ಕೆಂಪು ದ್ರಾಕ್ಷಾಸವವು ಪ್ರಪಂಚದಲ್ಲಿ ಅತ್ಯಧಿಕ ಬೆಲೆಗೆ ವಿಕ್ರಯವಾಗುವ ಆಸವಗಳಲ್ಲೊಂದು. ಇಂತಹ ತೋಟವೂ ಒಮ್ಮೆ ಬುಡಸಹಿತವಾಗಿ ಕೀಳಲ್ಪಡಬೇಕಾಯಿತು. ಆ ಸಂಗತಿಯನ್ನೂ, ಆಸವವನ್ನು ತಯಾರಿಸುವ ಕ್ರಮವನ್ನೂ ಅರಿಯುವುದು ದ್ರಾಕ್ಷಿ ಬೆಳೆಗಾರರಿಗೆ ಪ್ರಯೋಜನಕರವಾದುದು.

ಭೂಮಿ ಮತ್ತು ಸಾಗುವಳಿ.— ಇಲ್ಲಿಯ ಮಣ್ಣು ಸುಣ್ಣಕಲ್ಲಿನ ಮೇಲೆ ನಿಂತ ಕಂದುಬಣ್ಣದ ಜೇಡಿ. ಇಳಿಜಾರಿನ ದೆಸೆಯಿಂದ ಹೆಚ್ಚಿನ ನೀರು ನಿಲ್ಲದೆ ಹರಿದುಹೋಗುವುದು. ಮುಂಜಾನೆಯ ಬಿಸಿಲು ಬಳ್ಳಿಗಳಿಗೆ ಚೆನ್ನಾಗಿ ತಗಲುವುದು. ಬೆಳೆಯತಕ್ಕ ಜಾತಿಯು ಪೀನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಎಕರೆಗೆ 4,000ಕ್ಕೂ ಮಿಕ್ಕಿ ಬಳ್ಳಿಗಳನ್ನು ಒತ್ತಾಗಿ ನೆಟ್ಟು, ಚಳಿಗಾಲದಲ್ಲಿ ಗಿಡ್ಡವಾಗಿ ಸವರಿ, ಒಂದೊಂದು ಬಳ್ಳಿಗೆ ಕೆಲವೇ ಗೊಂಚಲುಗಳು ನಿಲ್ಲುವಂತೆ ನೋಡಿಕೊಳ್ಳುವರು. ಭಾರವಾದ ಯಂತ್ರಗಳು ಮಣ್ಣನ್ನು ಅದುಮುವುದರಿಂದ ಕುದುರೆಯಿಂದ ಉಳುವ ಪದ್ಧತಿಯನ್ನು ಇಲ್ಲಿ ಅನುಸರಿಸುತ್ತಾರೆ. ಇಡೀ ತೋಟದಿಂದ ವರ್ಷಕ್ಕೆ ಸಾಧಾರಣವಾಗಿ 5,000ದಿಂದ 6,000 ಸೀಸೆಗಳಷ್ಟು ಆಸವ ಮಾತ್ರ ದೊರೆಯುವುದು. ಫಸಲಿನ ಮೊತ್ತವನ್ನು ಕಡಿಮೆಮಾಡಿ ಗುಣವನ್ನು ಹೆಚ್ಚಿಸುವುದೇ ಇಲ್ಲಿಯ ಬೇಸಾಯದ ಮೂಲಸೂತ್ರ.

ತಯಾರಿಸುವ ಕ್ರಮ.— ಹಣ್ಣು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ಪಕ್ವವಾಗುವುದು. ಗೊಂಚಲುಗಳನ್ನು ಕೈಯಿಂದಲೇ ಕೊಯ್ದು, ಕೊಳೆತ ಮತ್ತು ಬಲಿಯದ ಹಣ್ಣುಗಳನ್ನು ಆರಿಸಿ ತೆಗೆಯುವರು. ಅನಂತರ ಬಹುಪಾಲು ಗೊಂಚಲುಗಳನ್ನು ತೊಟ್ಟುಸಹಿತವಾಗಿಯೇ ಮರದ ದೊಡ್ಡ ತೊಟ್ಟಿಗಳಲ್ಲಿ ತುಂಬುವರು. ಹಣ್ಣಿನೊಡನೆ ಬಂದ ಸೂಕ್ಷ್ಮ ಹುದುಗುಜೀವಿಗಳು ರಸದ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಅಂಗಾರಾಮ್ಲ ವಾಯುವನ್ನಾಗಿಯೂ ಮಾರ್ಪಡಿಸುತ್ತವೆ. ಈ ಜಾತಿಯ ಹಣ್ಣಿನ ರಸಕ್ಕೆ ಸ್ವತಃ ಬಣ್ಣವಿಲ್ಲ. ಕೆಂಪು ಬಣ್ಣವೂ ಒಗರೂ ಸಿಪ್ಪೆಯಿಂದ ಇಳಿಯತಕ್ಕವು. ಆದಕಾರಣ ವಾಯುವಿನಿಂದ ಮೇಲಕ್ಕೆ ತೇಲಿಬರುವ ಸಿಪ್ಪೆಯ ಪದರವನ್ನು ಪುನಃ ಪುನಃ ರಸದೊಳಕ್ಕೆ ಒತ್ತಿ ಮುಳುಗಿಸುವರು. ಸುಮಾರು ಮೂರು ವಾರಗಳಲ್ಲಿ ಈ ಕಾರ್ಯ ಮುಗಿಯುವುದು.

ತರುವಾಯ ರಸವನ್ನು ಬಸಿದು, ಚರಟವನ್ನು ಹಿಂಡಿ, 228 ಲೀಟರು ಹಿಡಿಯುವ ಹೊಸ ಓಕ್ ಮರದ ಪೀಪಾಯಿಗಳಿಗೆ ತುಂಬುವರು. ಅಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾಗಳಿಂದ ಮ್ಯಾಲಿಕ್ ಆಮ್ಲವು ಲ್ಯಾಕ್ಟಿಕ್ ಆಮ್ಲವಾಗಿ ಪರಿಣಮಿಸಿ, ಹುಳಿಯ ಕಟುತ್ವವು ತಗ್ಗುವುದು. ಮರದ ಮೂಲಕ ಆವಿಯಾಗಿ ಹೋದಷ್ಟನ್ನು ಆಗಾಗ್ಗೆ ತುಂಬದಿದ್ದರೆ ಗಾಳಿ ಸೇರಿ ಆಸವವು ಕೆಡುವುದು. ಸುಮಾರು ಒಂದೂವರೆ ವರ್ಷ ಹೀಗೆ ಮಾಗಿದ ಮೇಲೆ ಸೀಸೆಗಳಿಗೆ ತುಂಬುವುದು ರೂಢಿ.

ಬೇರಿನ ಹೇನು ಮತ್ತು ತೋಟದ ನಾಶ.— 1860ರಿಂದೀಚೆಗೆ ಅಮೆರಿಕಾ ಖಂಡದಿಂದ ಬಂದ ಫೈಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ಹೀರಿ ದೇಶದ ತೋಟಗಳನ್ನು ಹಾಳುಗೆಡವಿತು. ಅಮೆರಿಕಾ ಜಾತಿಯ ಬೇರುಸಸಿಗಳು ಇದನ್ನು ತಾಳಿಕೊಳ್ಳಬಲ್ಲವಾದುದರಿಂದ ಉಳಿದ ರೈತರು ಅವುಗಳ ಮೇಲೆ ಕಸಿಮಾಡಿದರು. ರೊಮಾನೆ-ಕೋಂತಿಯಲ್ಲಿ ಮಾತ್ರ ಹಳೆಯ ಬಳ್ಳಿಗಳನ್ನು ಕಳೆದುಕೊಳ್ಳಲೊಲ್ಲದೆ, ಕೊಂಬೆಗಳನ್ನು ಮಣ್ಣಿನಲ್ಲಿ ಹೂತು ಬೇರು ಬರಿಸುತ್ತಲೂ, ನೆಲದೊಳಕ್ಕೆ ಕಾರ್ಬನ್ ಬೈಸಲ್ಫೈಡ್ ದ್ರವವನ್ನು ಚುಚ್ಚಿ ಹೇನನ್ನು ಕೊಲ್ಲುತ್ತಲೂ ಬಹುಕಾಲ ಕಾಪಾಡಿದರು. ಎರಡನೆಯ ಮಹಾಯುದ್ಧದಲ್ಲಿ ಈ ದ್ರವಕ್ಕೂ ಕೂಲಿಯಾಳುಗಳಿಗೂ ಅಭಾವವುಂಟಾಗಿ ಬಳ್ಳಿಗಳು ಕ್ಷೀಣಿಸಿದವು. 1945ರಲ್ಲಿ ಹಿಮವೂ ಬಿದ್ದು, ಇಡೀ ತೋಟದಿಂದ ದೊರೆತುದು ಎರಡೇ ಪೀಪಾಯಿ, ಎಂದರೆ ಸುಮಾರು 600 ಸೀಸೆ. ಆ ಫಸಲಿನ ನಂತರ ಬಳ್ಳಿಗಳನ್ನು ಕಿತ್ತುಹಾಕಿ, 1947ರಲ್ಲಿ ಕಸಿ ಸಸಿಗಳನ್ನು ನೆಟ್ಟರು. ಅದೇ ಒಡೆಯರ ನೆರೆಯ ಲಾ ತಾಶ್ ತೋಟದಿಂದ ಕಡ್ಡಿಗಳನ್ನು ತಂದುದರಿಂದ ಹಳೆಯ ತಳಿಯ ಗುಣವು ನಷ್ಟವಾಗಲಿಲ್ಲ. 1946ರಿಂದ 1951ರವರೆಗೆ ಈ ತೋಟದ ಹೆಸರಿನಲ್ಲಿ ಒಂದು ಸೀಸೆಯೂ ಹೊರಡಲಿಲ್ಲ. 1952ರ ಫಸಲಿನಿಂದ ಪುನಃ ಆರಂಭವಾಯಿತು.

ಬೆಳೆಗಾರರು ಗ್ರಹಿಸತಕ್ಕ ಅಂಶ.— ಕರ್ಣಾಟಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಅಮೆರಿಕಾ ಮೂಲದ ಡಾಗ್‌ರಿಡ್ಜ್ ಎಂಬ ಬೇರುಸಸಿಯ ಮೇಲೆ ದ್ರಾಕ್ಷಿಯನ್ನು ಕಸಿಮಾಡುವುದುಂಟು. ಅಲ್ಲಿ ಮುಖ್ಯ ಕಾರಣ ಹೇನಲ್ಲ. ಚೌಳು ಮಣ್ಣು ಮತ್ತು ನೀರಿನ ಅಭಾವ. ಕಾರಣವು ಬೇರೆಯಾದರೂ ತತ್ತ್ವವು ಒಂದೇ: ಹಣ್ಣಿನ ಗುಣವನ್ನು ಮೇಲಿನ ಕಡ್ಡಿಯು ಕಾಯುವುದು, ಬಳ್ಳಿಯ ಆಯುಸ್ಸನ್ನು ಕೆಳಗಿನ ಬೇರು ಕಾಯುವುದು. ಹಳೆಯ ತೋಟವು ಕ್ಷೀಣಿಸುವ ಮುನ್ನವೇ ಅದರ ಉತ್ತಮ ಬಳ್ಳಿಗಳಿಂದ ಕಡ್ಡಿಗಳನ್ನು ಆರಿಸಿ ಬೇರೊಂದು ಕಡೆ ಬೆಳೆಸಿಟ್ಟುಕೊಂಡವನಿಗೆ, ಬಳ್ಳಿಗಳನ್ನು ಕೀಳಬೇಕಾಗಿ ಬಂದರೂ ತಳಿಯು ಕೈಬಿಟ್ಟುಹೋಗಲಾರದು.